ಹೆಲಿಕಾಪ್ಟರ್ ಹೋದ ಮೇಲೆ ಬೆಳೆದ ಮಕ್ಕಳು

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ನಾವು ಕಾಡಿನ ಬಗ್ಗೆ, ಹೊಳೆಯ ಬಗ್ಗೆ, ಬರಲಿರುವ ಅಥವಾ ಬಂದೇಬಿಟ್ಟಿರುವ ಯೋಜನೆಗಳ ಬಗ್ಗೆ ಮಾತನಾಡುವುದು ರೂಢಿ. ಮಕ್ಕಳ ಆರೋಗ್ಯವೆಂದರೆ ಅದು ವೈದ್ಯರ ವಿಷಯ, ಇಲಾಖೆಯ ವಿಷಯ ಎಂದು ಬದಿಗಿಟ್ಟು ಬಂದಿದ್ದೇವೆ. ಈ ಬಾರಿ ನನಗೆ ಕೊಟ್ಟಿರುವ ಅರ್ಧ ಗಂಟೆಯನ್ನು ಆ ಬದಿಗಿಟ್ಟ ವಿಷಯಕ್ಕೆ ಬಳಸಿಕೊಳ್ಳುತ್ತೇನೆ. ಅದಕ್ಕಾಗಿ ಆರಿಸಿಕೊಂಡಿರುವ ಉದಾಹರಣೆ ನಿಮ್ಮೆಲ್ಲರಿಗೂ ಗೊತ್ತಿರುವ ಎಂಡೋಸಲ್ಫಾನ್. ಈ ಹೆಸರು ಹೇಳಿದೊಡನೆ ಬಳಗದ ಹಿರಿಯರೊಬ್ಬರು, "ಅದು ಮುಗಿದ ಕಥೆಯಲ್ಲವೇ, 2011ರಲ್ಲೇ ನಿಷೇಧವಾಯಿತಲ್ಲ" ಎಂದರು. ನಿಷೇಧವಾದದ್ದು ನಿಜ. ಆದರೆ ಹೆಲಿಕಾಪ್ಟರ್ ಕೊನೆಯ ಬಾರಿ ಗೇರು ಗುಡ್ಡಗಳ ಮೇಲೆ ಹಾರಿದ ವರ್ಷ, ಅಂದರೆ 2000ದಲ್ಲಿ, ತೊಟ್ಟಿಲಲ್ಲಿದ್ದ ಮಗುವಿಗೆ ಈಗ ಇಪ್ಪತ್ತೈದು ದಾಟಿದೆ. ಆ ಮಗು ಬಾಲ್ಯವನ್ನೂ ಹದಿಹರೆಯವನ್ನೂ ಹೇಗೆ ಕಳೆಯಿತು, ಯಾರು ಅದನ್ನು ನೋಡಿಕೊಂಡರು, ಯಾವ ಸೇವೆ ಅದರ ಮನೆಯ ಬಾಗಿಲಿಗೆ ಬಂದಿತು, ಯಾವುದು ಬರಲಿಲ್ಲ ಎಂಬ ಲೆಕ್ಕವನ್ನು ನಾವು ಇನ್ನೂ ಸರಿಯಾಗಿ ಹಾಕಿಲ್ಲ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಗೇರು ಹೂ ಬಿಡುವ ಕಾಲದಲ್ಲಿ ಚಿಗುರಿನ ರಸ ಹೀರುವ ಒಂದು ತಿಗಣೆ ಜಾತಿಯ ಕೀಟವಿದೆ. ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಅದರ ನಿಯಂತ್ರಣಕ್ಕೆಂದು ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ನಮ್ಮ ಕಡೆ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ, ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಅದೇ ನಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಿನ ಜನರಿಗೆ ಆ ವರ್ಷಗಳು ಇಂದಿಗೂ ನೆನಪಿವೆ. ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಆಕಾಶ ನೋಡುತ್ತಿದ್ದರು ಎಂದು ಆ ಊರುಗಳಲ್ಲಿ ಎಲ್ಲರೂ ಹೇಳುತ್ತಾರೆ.

ಇಲ್ಲಿ ನೆಲದ ಸ್ವರೂಪವನ್ನು ಗಮನಿಸಬೇಕು. ಗುಡ್ಡದ ನೆತ್ತಿಯಲ್ಲಿ ಗೇರು ತೋಟ, ಇಳಿಜಾರಿನಲ್ಲಿ ಮನೆ, ಕಣಿವೆಯಲ್ಲಿ ಅಡಿಕೆ ಮತ್ತು ನೀರು. ವೈಮಾನಿಕ ಸಿಂಪಡಣೆಯ ನಿಯಮದಂತೆ ಹೆಲಿಕಾಪ್ಟರ್ ಮರಗಳ ತಲೆಗೆ ತೀರಾ ಸಮೀಪದಲ್ಲಿ ಹಾರಬೇಕು. ಏರಿಳಿತದ ನೆಲದಲ್ಲಿ ಅದು ಸಾಧ್ಯವಾಗದ ಮಾತು. ಎತ್ತರದಿಂದ ಬಿದ್ದ ಮಂಜು ಗಾಳಿಗೆ ಸಿಕ್ಕಿ ತೋಟದ ಗಡಿಯನ್ನು ದಾಟಿತು. ಸಿಂಪಡಣೆಯ ಮುನ್ನ ಬಾವಿಗಳನ್ನು ಮುಚ್ಚಿರಿ ಎಂಬ ಸೂಚನೆಯೂ ಇತ್ತು. ಕಾಸರಗೋಡಿನ ಗುಡ್ಡಗಾಡಿನಲ್ಲಿ ಕುಡಿಯುವ ನೀರು ಬರುವುದು ಬಹುಪಾಲು ಸುರಂಗಗಳಿಂದ. ಗುಡ್ಡವನ್ನು ಅಡ್ಡಲಾಗಿ ಕೊರೆದು, ಜಿನುಗುವ ನೀರನ್ನು ತೆರೆದ ತೋಡಿನಲ್ಲಿ ಮದಕಕ್ಕೋ ತೊಟ್ಟಿಗೋ ಹರಿಸುವ ವ್ಯವಸ್ಥೆ ಅದು. ತೋಡಿಗೆ ಮುಚ್ಚಳ ಹಾಕುವುದು ಹೇಗೆಂದು ಸೂಚನೆ ಬರೆದವರಿಗೆ ತಿಳಿದಿರಲಾರದು.

ಎಂಡೋಸಲ್ಫಾನ್ ಕ್ಲೋರಿನ್ ಇರುವ ಸಾವಯವ ಸಂಯುಕ್ತಗಳ ಗುಂಪಿಗೆ ಸೇರಿದ ವಿಷ. ನರಗಳ ಉದ್ರೇಕವನ್ನು ತಡೆದು ಹಿಡಿಯುವ ವ್ಯವಸ್ಥೆಯನ್ನೇ ಅದು ಕೆಡಿಸುತ್ತದೆ. ಕೀಟ ಸೆಟೆದು ಸಾಯುವುದು ಆ ಕಾರಣಕ್ಕೆ. ವಿಷವೇರಿದ ಮನುಷ್ಯನಿಗೆ ಅಪಸ್ಮಾರದಂತಹ ಸೆಳೆತ ಬರುವುದೂ ಅದೇ ಕಾರಣಕ್ಕೆ. ಮಗುವಿನ ದೇಹವೆಂದರೆ ದೊಡ್ಡವರ ದೇಹದ ಚಿಕ್ಕ ಅಳತೆಯಲ್ಲ. ತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಹೆಚ್ಚು ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ನೆಲದಲ್ಲಿ ಹೊರಳಿ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅದರ ಮೆದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಹರೆಯದಲ್ಲಿ ದೇಹ ಎರಡನೆಯ ಬಾರಿ ಬದಲಾಗುವಾಗ ಹಾರ್ಮೋನುಗಳ ಸೂಕ್ಷ್ಮ ಲೆಕ್ಕಾಚಾರ ನಡೆಯುತ್ತದೆ. ಹೊರಗಿನ ರಾಸಾಯನಿಕ ಅಲ್ಲಿಗೂ ಕೈ ಹಾಕಬಲ್ಲದು.

ಇನ್ನು ನಾನು ಹೇಳಲು ಬಂದ ಮುಖ್ಯ ಸಂಗತಿ. ಈ ಅನಾಹುತವನ್ನು ಮೊದಲು ಕಂಡವರು ಯಾರು? 1980ರ ದಶಕದ ಆರಂಭದಲ್ಲೇ ವಿಕಾರವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದವರು ಕೃಷಿಕ, ಪತ್ರಕರ್ತ ಶ್ರೀಪಡ್ರೆ. ತಮ್ಮ ಚಿಕಿತ್ಸಾಲಯಕ್ಕೆ ಬರುವ ಮನೆಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು 1990ರ ದಶಕದಲ್ಲಿ ಕೇಳಲು ಆರಂಭಿಸಿದವರು ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ ಖಾಸಗಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಸಿಂಪಡಣೆಗೆ ತಡೆ ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಪೆರಿಯದ ಲೀಲಾಕುಮಾರಿ ಅಮ್ಮ. ಅವರು ಕೃಷಿ ಇಲಾಖೆಯ ಒಬ್ಬ ಸಾಮಾನ್ಯ ನೌಕರರು. ಒಬ್ಬ ಕೃಷಿಕ, ಒಬ್ಬ ಹಳ್ಳಿಯ ಡಾಕ್ಟರು, ಒಬ್ಬ ಹೆಣ್ಣುಮಗಳು. ಮಕ್ಕಳ ಆರೋಗ್ಯವನ್ನು ಕಾಯಲೆಂದೇ ಇದ್ದ ವ್ಯವಸ್ಥೆಯ ಹೆಸರು ಈ ಪಟ್ಟಿಯಲ್ಲಿಲ್ಲ.

ಆ ವ್ಯವಸ್ಥೆ ಇರಲಿಲ್ಲವೆಂದಲ್ಲ. ಅಂಗನವಾಡಿ ಯೋಜನೆ ಆರಂಭವಾದದ್ದು 1975ರಲ್ಲಿ. ಉಪಕೇಂದ್ರಗಳಿದ್ದವು, ಮನೆ ಮನೆಗೆ ನಡೆಯುವ ದಾದಿಯರಿದ್ದರು, ಗರ್ಭಿಣಿಯರ ದಾಖಲೆ, ಹೆರಿಗೆಯ ದಾಖಲೆ, ಲಸಿಕೆಯ ದಾಖಲೆ, ಮಗುವಿನ ತೂಕದ ದಾಖಲೆ ಎಲ್ಲವೂ ಇದ್ದವು. ನಮ್ಮ ದೇಶದಲ್ಲಿ ರಿಜಿಸ್ಟರುಗಳಿಗೆ ಎಂದೂ ಬರವಿಲ್ಲ. ಆದರೆ ಆ ಯಾವ ರಿಜಿಸ್ಟರಿನಲ್ಲೂ "ಈ ಮನೆಯ ಮೇಲೆ ಏನು ಬೀಳುತ್ತಿದೆ" ಎಂದು ಬರೆಯುವ ಒಂದು ಕಲಂ ಇರಲಿಲ್ಲ. ಒಂದೇ ಗುಡ್ಡದ ಸುತ್ತಿನ ಹತ್ತು ಮನೆಗಳಲ್ಲಿ ತಲೆ ನಿಲ್ಲದ ಮಕ್ಕಳು ಹುಟ್ಟಿದರೆ ಹತ್ತು ಪುಟಗಳಲ್ಲಿ ಹತ್ತು ದುರದೃಷ್ಟಗಳಾಗಿ ಅವು ದಾಖಲಾದವು. ದೈವದ ಮುನಿಸು, ಸೋದರ ಸಂಬಂಧದ ಮದುವೆ, ತಾಯಿಯ ಪಥ್ಯದ ತಪ್ಪು ಎಂದು ಊರು ತನ್ನದೇ ಕಾರಣಗಳನ್ನು ಹುಡುಕಿಕೊಂಡಿತು. ಆ ಕಾರಣಗಳಲ್ಲಿ ಹೆಚ್ಚಿನವು ತಾಯಿಯ ತಲೆಯ ಮೇಲೆಯೇ ಬಂದು ಕುಳಿತವು.

ಹರೆಯದವರ ಬಗ್ಗೆ ಒಂದೇ ಒಂದು ಗಂಭೀರ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳಿದ್ದನ್ನು ಇಲ್ಲಿ ಹೇಳಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆಗೆ ಒಳಗಾಗದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಹೆಚ್ಚಿತ್ತು. ಅವರಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗಿ ಬರುತ್ತಿದ್ದುವು, ಹಾರ್ಮೋನುಗಳ ಮಟ್ಟದಲ್ಲಿ ವ್ಯತ್ಯಾಸವಿತ್ತು. 2003ರ ಡಿಸೆಂಬರಿನಲ್ಲಿ ಈ ಅಧ್ಯಯನ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದಕ್ಕೆ ಆಕ್ಷೇಪಗಳೂ ಬಂದವು: ಮಾದರಿ ಚಿಕ್ಕದು, ಕಾರಣ-ಪರಿಣಾಮದ ಸಂಬಂಧ ಸಿದ್ಧವಾಗಿಲ್ಲ ಎಂದು. ಇಂದಿಗೂ ಕೆಲವು ವಿಜ್ಞಾನಿಗಳು, ಕಾಸರಗೋಡಿನ ಎಲ್ಲ ಕಾಯಿಲೆಗಳನ್ನೂ ಎಂಡೋಸಲ್ಫಾನಿನ ಖಾತೆಗೆ ಬರೆಯುವುದು ಸರಿಯಲ್ಲ ಎನ್ನುತ್ತಾರೆ. ಎಲ್ಲವನ್ನೂ ಬರೆಯಬೇಕೆಂದು ನಾನೂ ಹೇಳುವುದಿಲ್ಲ. ಹುಟ್ಟಿನ ಹೊತ್ತಿನ ಉಸಿರುಕಟ್ಟಿನಿಂದಲೂ, ಅಯೋಡಿನ್ ಕೊರತೆಯಿಂದಲೂ, ವಂಶವಾಹಿಯ ದೋಷದಿಂದಲೂ ಮಕ್ಕಳು ಬಳಲುತ್ತಾರೆ. ಆದರೆ ಈ ವಾದವನ್ನು ಖಚಿತವಾಗಿ ಬಗೆಹರಿಸಲು ಬೇಕಾಗಿದ್ದ ಸಾಕ್ಷ್ಯವೇ ಆ ಇಪ್ಪತ್ತು ವರ್ಷಗಳ ಖಾಲಿ ಕಲಂ. ನೋಡಬೇಕಾದವರು ನೋಡದೆ ಬಿಟ್ಟದ್ದರ ಲಾಭ ವಿಷದ ಪಾಲಾಯಿತು, ನಷ್ಟ ಮಗುವಿನ ಪಾಲಾಯಿತು. ಅದಿರಲಿ, ಕಾರಣ ಯಾವುದೇ ಆಗಿರಲಿ, ಹಾಸಿಗೆ ಹಿಡಿದ ಮಗುವಿಗೆ ಬೇಕಾದ ಆರೈಕೆಯಲ್ಲಿ ವ್ಯತ್ಯಾಸವಿಲ್ಲ.

ಕಾನೂನಿನ ಹಾದಿ ನಿಮಗೆ ತಿಳಿದದ್ದೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನ ಕೊನೆಗೆ ಪರಿಹಾರದ ಶಿಫಾರಸು ಮಾಡಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ದೇಶಗಳು ಎಂಡೋಸಲ್ಫಾನನ್ನು ನಿರ್ಮೂಲನ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ನ್ಯಾಯಪೀಠದ ಮುಂದೆ ಬಂದಾಗ 3704 ಸಂತ್ರಸ್ತರಲ್ಲಿ ಆ ಹಣ ಪಡೆದವರು 8 ಮಂದಿ; ಅದೂ ನ್ಯಾಯಾಲಯಕ್ಕೆ ಹೋದವರು. ನ್ಯಾಯಪೀಠ ಕಟುವಾಗಿ ನುಡಿದ ಮೇಲೆ ಹಣದ ವಿತರಣೆ ವೇಗ ಪಡೆಯಿತು. ತೋಟದ ಗೋದಾಮುಗಳಲ್ಲಿ ಉಳಿದ ವಿಷದ ಪೀಪಾಯಿಗಳ ಕಥೆಯೂ ಮುಗಿದಿರಲಿಲ್ಲ. ಗಡಿಯ ಮಿಂಚಿನಪದವಿನ ಬಾವಿಯೊಂದರಲ್ಲಿ ಎಂಡೋಸಲ್ಫಾನ್ ಹೂಳಲಾಗಿದೆ ಎಂಬ ದೂರನ್ನು ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಒಯ್ಯಬೇಕಾಯಿತು.

ನಮ್ಮ ರಾಜ್ಯದಲ್ಲಿ ದಾರಿ ಬೇರೆಯಾಯಿತು. ಇಲ್ಲಿ ಒಟ್ಟು ಮೊತ್ತದ ಪರಿಹಾರಕ್ಕಿಂತ ಮಾಸಾಶನಕ್ಕೆ ಒತ್ತು ಬಿತ್ತು. ವೈದ್ಯಕೀಯ ಮಂಡಳಿ ಪರೀಕ್ಷಿಸಿ ಅಂಗವೈಕಲ್ಯ ಶೇಕಡಾ ಎಷ್ಟೆಂದು ಬರೆಯುತ್ತದೆ, ಅದಕ್ಕೆ ತಕ್ಕಂತೆ ಮಾಸಾಶನ. ಕೊಕ್ಕಡ ಮತ್ತು ಕೊಯಿಲದಲ್ಲಿ ಸಂತ್ರಸ್ತರಿಗೆಂದು ಹಗಲು ಪಾಲನಾ ಕೇಂದ್ರಗಳು ತೆರೆದವು. ಇವೆಲ್ಲ ಸುಮ್ಮನೆ ದೊರೆತವಲ್ಲ. ಕೊಕ್ಕಡದ ಶ್ರೀಧರ ಗೌಡರಂತಹವರು, ತಾವೇ ದೃಷ್ಟಿ ಕಳೆದುಕೊಂಡಿದ್ದರೂ, ವರ್ಷಗಟ್ಟಲೆ ಕಚೇರಿಗಳನ್ನು ಅಲೆದು ಪಡೆದುಕೊಂಡವು. ಆದ್ದರಿಂದ ಏನೂ ಆಗಿಲ್ಲ ಎಂದು ನಾನು ಹೇಳಿದರೆ ಅದು ಅವರ ಶ್ರಮಕ್ಕೆ ಮಾಡುವ ಅವಮಾನ.

ಆದರೂ ಇಂತಹ ಮನೆಯೊಂದಕ್ಕೆ ಹೋಗಿ ಬಂದರೆ ಮಾಸಾಶನದ ಮಿತಿ ಅರ್ಥವಾಗುತ್ತದೆ. ಊರಿನ ಹೆಸರು ಬೇಡ. ರಸ್ತೆಯಿಂದ ಇಳಿದು, ಒಂದು ಸಂಕ ದಾಟಿ, ಮತ್ತೆ ಗುಡ್ಡ ಹತ್ತಿದ ಮೇಲೆ ಸಿಗುವ ಮನೆ. ಹದಿನಾರರ ಹುಡುಗ, ಚಾಪೆಯ ಮೇಲೆ. ಮಾತಿಲ್ಲ, ಕತ್ತು ನಿಲ್ಲುವುದಿಲ್ಲ, ದಿನಕ್ಕೆ ಎರಡು ಮೂರು ಬಾರಿ ಸೆಳೆತ. ತಂದೆ ಕೂಲಿಗೆ ಹೋಗುತ್ತಾರೆ. ತಾಯಿ ಬೆಳಗ್ಗೆ ಎದ್ದು ಅವನನ್ನು ಶುಚಿಗೊಳಿಸಿ, ಗಂಜಿಯನ್ನು ಅರೆದು ಚಮಚದಲ್ಲಿ ಉಣಿಸುತ್ತಾರೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಅವನಿಗೆ ಆರು ವರ್ಷವಿದ್ದಾಗ ಒಬ್ಬರೇ ಎತ್ತಿಕೊಂಡು ಸಂಕ ದಾಟುತ್ತಿದ್ದರಂತೆ. ಈಗ ಅವನ ತೂಕ ತಾಯಿಯ ತೂಕಕ್ಕೆ ಸಮೀಪ ಬಂದಿದೆ. "ಈಗ ಹೇಗೋ ಎತ್ತಲಿಕ್ಕೆ ಆಗ್ತದೆ, ಮತ್ತೆ ಹೇಗೆ?" ಎಂದು ಅವರು ಕೇಳಿದರು. ಆ "ಮತ್ತೆ" ಎಂಬ ಮಾತಿನಲ್ಲಿ ತಮ್ಮ ನಂತರದ ಕಾಲವೂ ಸೇರಿತ್ತು ಎಂಬುದು ನನಗೆ ಹಿಂದಿರುಗುವಾಗ ಹೊಳೆಯಿತು.

ಈ ಮನೆಗೆ ಬೇಕಾದದ್ದು ಏನು? ಸೆಳೆತದ ಮಾತ್ರೆ ಒಂದು ದಿನವೂ ತಪ್ಪದಂತೆ ಸಿಗಬೇಕು. ಜಿಲ್ಲಾ ಕೇಂದ್ರದಲ್ಲಿ ಬರೆದುಕೊಟ್ಟ ಮಾತ್ರೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ಇರುವುದೆಂಬ ಭರವಸೆಯಿಲ್ಲ. ಮಳೆಗಾಲದಲ್ಲಿ ಸಂಕ ಮುಳುಗಿದರೆ ಎರಡು ವಾರ ಔಷಧಿಯಿಲ್ಲ, ಆಮೇಲೆ ಸೆಳೆತ ಇಮ್ಮಡಿಸುತ್ತದೆ. ಸ್ನಾಯುಗಳು ಬಿಗಿದು ಕೀಲುಗಳು ಮಡಚಿ ನಿಲ್ಲದಂತೆ ವಾರಕ್ಕೊಮ್ಮೆಯಾದರೂ ಮನೆಗೆ ಬಂದು ಕೈಕಾಲು ಆಡಿಸಿ, ತಾಯಿಗೂ ಕಲಿಸಿಕೊಡುವ ಫಿಸಿಯೊಥೆರಪಿಸ್ಟ್ ಬೇಕು. ಚಾಪೆ ಹುಣ್ಣು ಆಗದಂತೆ ಸರಿಯಾದ ಹಾಸಿಗೆ, ಕುಳ್ಳಿರಿಸಲು ಅವನ ಮೈಗೆ ಹೊಂದುವ ಕುರ್ಚಿ ಬೇಕು. ಶಿಬಿರಗಳಲ್ಲಿ ಕೊಡುವ ಗಾಲಿಕುರ್ಚಿ ಸಂಕ ದಾಟಿ ಬರುವುದಿಲ್ಲ. ಬಂದದ್ದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಮತ್ತು ಆ ತಾಯಿಗೆ ವರ್ಷಕ್ಕೆ ಹತ್ತು ದಿನವಾದರೂ ಬಿಡುವು ಬೇಕು: ತವರಿನಲ್ಲಿ ಮದುವೆಯಿದ್ದರೆ, ತನಗೇ ಜ್ವರ ಬಂದರೆ, ಮಗುವನ್ನು ನಂಬಿಕೆಯಿಂದ ಬಿಟ್ಟು ಹೋಗುವ ಒಂದು ಜಾಗ. ಹಗಲು ಕೇಂದ್ರ ಸಂಜೆಗೆ ಮುಚ್ಚುತ್ತದೆ. ಅಲ್ಲದೆ ಅಲ್ಲಿಗೆ ತಲುಪಲು ವಾಹನ ಮನೆಯ ಬಳಿಗೆ ಬರಬೇಕು. ಬರದಿದ್ದರೆ ತೀರಾ ತೀವ್ರ ತೊಂದರೆಯ ಮಕ್ಕಳೇ ಹೊರಗುಳಿಯುತ್ತಾರೆ.

ಈ ಮಾತು ನಮ್ಮ ಇಡೀ ಮಕ್ಕಳ ಆರೋಗ್ಯ ಸೇವೆಯ ರಚನೆಗೇ ಅನ್ವಯಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಳ್ಳೆಯ ಯೋಜನೆ. ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳಲ್ಲಿ ಜನ್ಮದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಎಂಬ ನಾಲ್ಕನ್ನು ಹುಡುಕಿ ಚಿಕಿತ್ಸೆಗೆ ಕಳುಹಿಸುವುದು ಅದರ ಗುರಿ. ನವಜಾತ ಶಿಶುವನ್ನು ಆಶಾ ಕಾರ್ಯಕರ್ತೆ ಮನೆಯಲ್ಲಿ ನೋಡುತ್ತಾರೆ. ಆಮೇಲೆ ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಬರುತ್ತದೆ. ಅಂಗನವಾಡಿಗೂ ಶಾಲೆಗೂ ಹೋಗಲಾಗದ ಮಗು ಆ ದಿನ ಎಲ್ಲಿರುತ್ತದೆ? ಚಾಪೆಯ ಮೇಲೆ. ಯಾರಿಗಾಗಿ ತಪಾಸಣೆ ಅತ್ಯಂತ ಅಗತ್ಯವೋ ಅವರೇ ತಪಾಸಣೆಯ ಸಾಲಿನಲ್ಲಿ ನಿಂತಿರುವುದಿಲ್ಲ. ಯೋಜನೆ ರೂಪಿಸಿದವರಲ್ಲಿ ಕೆಟ್ಟ ಮನಸ್ಸಿತ್ತೆಂದಲ್ಲ. ಮಕ್ಕಳು ಶಾಲೆಯಲ್ಲಿ ಸಿಗುತ್ತಾರೆ ಎಂಬ ಬಯಲುಸೀಮೆಯ, ಪಟ್ಟಣದ ಲೆಕ್ಕಾಚಾರ ಅದು.

ಇನ್ನೊಂದು ವಿಚಿತ್ರವಿದೆ. ಮನೆಯಲ್ಲೇ ಉಳಿದ ಮಕ್ಕಳ ಪಟ್ಟಿ ಸರ್ಕಾರದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಶಿಕ್ಷಣ ಇಲಾಖೆಯಲ್ಲಿ ಗೃಹಾಧಾರಿತ ಶಿಕ್ಷಣದ ಪಟ್ಟಿಯಿದೆ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಆ ಮನೆಗಳಿಗೆ ಹೋಗುತ್ತಾರೆ. ಅಂಗವಿಕಲರ ಕಲ್ಯಾಣ ಇಲಾಖೆಯಲ್ಲಿ ಇನ್ನೊಂದು ಪಟ್ಟಿ. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಅದಿದೆ. ಆಶಾ ಕಾರ್ಯಕರ್ತೆಯ ಸಮೀಕ್ಷೆಯ ಪುಸ್ತಕ ಮೂರನೆಯದು. ಮೂವರೂ ಒಂದೇ ಅಂಗಳದಲ್ಲಿ ಬೇರೆ ಬೇರೆ ದಿನ ನೀರು ಕುಡಿದು ಹೋಗುತ್ತಾರೆ, ಒಬ್ಬರ ಬರಹವನ್ನು ಇನ್ನೊಬ್ಬರು ನೋಡುವುದಿಲ್ಲ. ಕಾಸರಗೋಡಿನಲ್ಲಿ ಬಡ್ಸ್ ಶಾಲೆಗಳೆಂದು ಪಂಚಾಯಿತಿಗಳೇ ನಡೆಸುವ ವಿಶೇಷ ಶಾಲೆಗಳಿವೆ. ಅವುಗಳಲ್ಲೂ ಕೊರತೆಗಳಿವೆ, ಬಹಳ ಕಾಲ ಸರಿಯಾದ ಕಟ್ಟಡಕ್ಕಾಗಿ ಕಾದವೂ ಇವೆ. ಆದರೂ ಮಗುವಿನ ಹೊಣೆ ಯಾರದೆಂಬ ಪ್ರಶ್ನೆಗೆ "ಪಂಚಾಯಿತಿಯದು" ಎಂಬ ಒಂದು ಉತ್ತರ ಅಲ್ಲಿದೆ. ನಮ್ಮಲ್ಲಿ ಆ ಉತ್ತರ ಮೂರು ಇಲಾಖೆಗಳ ನಡುವೆ ಕಳೆದುಹೋಗುತ್ತದೆ.

ಹದಿಹರೆಯದ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ಸಭೆಗಳಲ್ಲಿ ಯಾರೂ ಎತ್ತದ ವಿಷಯವಿದು. ಬುದ್ಧಿ ಬೆಳೆಯದಿದ್ದರೂ ದೇಹ ಬೆಳೆಯುತ್ತದೆ. ಹುಡುಗಿ ಋತುಮತಿಯಾಗುತ್ತಾಳೆ, ಏನಾಗುತ್ತಿದೆಯೆಂದು ಅವಳಿಗೆ ತಿಳಿಯುವುದಿಲ್ಲ, ರಕ್ತ ಕಂಡು ಕಿರಿಚುತ್ತಾಳೆ, ಬಟ್ಟೆ ಕಿತ್ತೆಸೆಯುತ್ತಾಳೆ. ತಾಯಿ ಕೆಲಸಕ್ಕೆ ಹೋಗಲೇಬೇಕಾದ ಮನೆಗಳಲ್ಲಿ ಅವಳನ್ನು ಒಳಗಿಟ್ಟು ಬೀಗ ಹಾಕುತ್ತಾರೆ. ಇದನ್ನು ಕ್ರೌರ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ; ಬೀಗ ಹಾಕದಿದ್ದರೆ ಆಗಬಹುದಾದ ಅಪಾಯ ತಾಯಿಗೆ ಗೊತ್ತಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯಿದೆ, ಮಗುವಿನ ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯದ ದುರ್ಲಾಭ ಪಡೆದು ಮಾಡಿದ ಕೃತ್ಯವನ್ನು ಹೆಚ್ಚು ಗಂಭೀರವಾದ ಅಪರಾಧವೆಂದು ಪರಿಗಣಿಸುತ್ತದೆ. ಅಂತಹ ಮಗುವಿನ ಹೇಳಿಕೆ ಪಡೆಯಲು ವಿಶೇಷ ಶಿಕ್ಷಕರ ನೆರವು ಪಡೆಯಲು ಅವಕಾಶವನ್ನೂ ಕೊಟ್ಟಿದೆ. ಆದರೆ ಮಾತು ಬಾರದ ಹುಡುಗಿಯ ಭಯವನ್ನು ಓದಬಲ್ಲವರು ದಿನನಿತ್ಯ ಅವಳ ಬಳಿ ಇದ್ದರೆ ಮಾತ್ರ ದೂರು ಹುಟ್ಟುತ್ತದೆ.

ದಣಿದ ತಂದೆತಾಯಿಗಳಿಗೆ ಕೆಲವೊಮ್ಮೆ ಯಾರೋ ಸಲಹೆ ಕೊಡುತ್ತಾರೆ, ಗರ್ಭಕೋಶವನ್ನೇ ತೆಗೆಸಿಬಿಡಿ ಎಂದು. 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಇಂತಹ ಶಸ್ತ್ರಚಿಕಿತ್ಸೆ ಮಾಡಿದ್ದು ದೇಶದಾದ್ಯಂತ ವಿವಾದವಾಗಿತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 10ನೆಯ ಕಲಮಿನ ಪ್ರಕಾರ, ವ್ಯಕ್ತಿಯ ಸ್ವತಂತ್ರ, ತಿಳಿವಳಿಕೆಯುಕ್ತ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಹೋಗಲಾಡಿಸುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ಆದರೆ ಆ ತಾಯಿಗೆ ತಿಂಗಳ ಆ ನಾಲ್ಕು ದಿನ ಯಾರು ಕೈಜೋಡಿಸುತ್ತಾರೆ, ಮಗಳಿಗೆ ಬಟ್ಟೆ ಬದಲಿಸಿಕೊಳ್ಳುವುದನ್ನು ಗೊಂಬೆಯ ಮೇಲೆ ತೋರಿಸಿ ತಿಂಗಳುಗಟ್ಟಲೆ ಕಲಿಸುವವರು ಯಾರು ಎಂಬುದನ್ನು ಹೇಳದೆ, ಬರೀ ಕಲಂ ತೋರಿಸಿ ನಾವು ಹಿಂದಿರುಗಿದರೆ ಅದು ಅರ್ಧ ರಕ್ಷಣೆ. ಹದಿಹರೆಯದವರಿಗೆಂದು 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿಯ ಆಪ್ತಸಮಾಲೋಚಕರು ಕಬ್ಬಿಣಾಂಶದ ಮಾತ್ರೆ, ಶುಚಿತ್ವ, ಮಾನಸಿಕ ಒತ್ತಡದ ಬಗ್ಗೆ ತಿಳಿಹೇಳುತ್ತಾರೆ. ಅವರು ತಿಂಗಳಿಗೊಂದು ದಿನ ಪಾಲನಾ ಕೇಂದ್ರಕ್ಕೆ ಬಂದು ತಾಯಂದಿರ ಜೊತೆ ಕುಳಿತರೆ ಹೊಸ ಯೋಜನೆ ಬೇಕಿಲ್ಲ, ಒಂದು ಆದೇಶ ಸಾಕು.

ಹದಿನೆಂಟು ತುಂಬಿದ ದಿನ ಇನ್ನೊಂದು ಬಾಗಿಲು ಮುಚ್ಚುತ್ತದೆ. ಬಾಲ ಸ್ವಾಸ್ಥ್ಯದ ತಂಡಕ್ಕೆ ಆತ ಸಂಬಂಧಪಟ್ಟವನಲ್ಲ, ಶಿಕ್ಷಣದ ಪಟ್ಟಿಯಿಂದಲೂ ಹೆಸರು ಹೋಗುತ್ತದೆ. ಕಾನೂನಿನ ಕಣ್ಣಿಗೆ ಆತ ಸ್ವತಂತ್ರ ವಯಸ್ಕ. ತಾಯಿ ಸಹಿ ಮಾಡಿದರೆ ಬ್ಯಾಂಕು ಕೇಳದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ತಂದೆತಾಯಿ ಬದುಕಿರುವಾಗಲೇ ಆ ಅರ್ಜಿ ಹಾಕಿಸುವುದು ನಮ್ಮಂಥ ಬಳಗ ಮಾಡಬಹುದಾದ ಕೆಲಸ. ಕಳೆದ ವರ್ಷಗಳಲ್ಲಿ ನಾವು ಅದೆಷ್ಟು ಮನವಿಪತ್ರಗಳನ್ನು ಬರೆದಿದ್ದೇವೆ! ಅವುಗಳ ನಡುವೆ ಈ ಅರ್ಜಿಯೂ ಒಂದಿರಲಿ.

ಕೊನೆಯದಾಗಿ, ಮುಂದಿನ ಮಗುವಿನ ಮಾತು. ಎಂಡೋಸಲ್ಫಾನ್ ಹೋಯಿತು, ಕೀಟನಾಶಕದ ಡಬ್ಬಿಗಳು ಹೋಗಲಿಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ನಮ್ಮ ತೋಟದ ಮನೆಗಳಲ್ಲಿ ಕೀಟನಾಶಕದ ಖಾಲಿ ಕ್ಯಾನು ಸೀಮೆಎಣ್ಣೆಗೋ, ಕೆಲವು ಕಡೆ ನೀರಿಗೋ ಬಳಕೆಯಾಗುವುದನ್ನು ನೋಡದವರು ಈ ಸಭೆಯಲ್ಲಿ ಇದ್ದಾರೆಯೇ? ಈಗ ಆಕಾಶದಿಂದ ಸಿಂಪಡಣೆಯೂ ಇನ್ನೊಂದು ರೂಪದಲ್ಲಿ ಮರಳಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಡ್ರೋನ್ ಮೂಲಕ ಕೀಟನಾಶಕ ಸಿಂಪಡಿಸುವ ಕಾರ್ಯವಿಧಾನವನ್ನು ಹೊರಡಿಸಿತು. ಅಡಿಕೆ ತೋಟಗಳಲ್ಲಿ ಡ್ರೋನ್ ಪ್ರಯೋಗ ನಡೆದಿದೆ. ಮರ ಹತ್ತುವವರ ಕೊರತೆಯನ್ನು ಬಲ್ಲ ನಾನು ಡ್ರೋನನ್ನು ಶತ್ರುವೆಂದು ಕರೆಯಲಾರೆ. ಅದು ಹೆಲಿಕಾಪ್ಟರಿಗಿಂತ ತಗ್ಗಿನಲ್ಲಿ ಹಾರುತ್ತದೆ, ಬೋರ್ಡೊ ದ್ರಾವಣ ಎಂಡೋಸಲ್ಫಾನೂ ಅಲ್ಲ. ಆದರೆ ಡ್ರೋನಿನ ತೊಟ್ಟಿಯಲ್ಲಿ ಯಾವತ್ತೂ ಬೋರ್ಡೊ ದ್ರಾವಣವೇ ಇರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಅದು ಹಾರುವ ಮುನ್ನ ಪಕ್ಕದ ಅಂಗನವಾಡಿಗೆ ತಿಳಿಸಿದ್ದಾರೆಯೇ, ಏನು ಸಿಂಪಡಿಸಿದರೆಂದು ಆರೋಗ್ಯ ಕೇಂದ್ರದಲ್ಲಿ ಯಾರಾದರೂ ಬರೆದಿಟ್ಟಿದ್ದಾರೆಯೇ?

ನಾನು ಆರಂಭದಲ್ಲಿ ಹೇಳಿದ ಖಾಲಿ ಕಲಂ ಇದೇ. ಅದನ್ನು ತುಂಬಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ, ಮಗುವಿನ ಬೆಳವಣಿಗೆಯ ದಾಖಲೆಯಲ್ಲಿ ಮೂರು ಸಾಲು: ಮನೆಯ ಸಮೀಪ ಯಾವ ತೋಟ, ಯಾವ ತಿಂಗಳು ಏನು ಸಿಂಪಡಿಸುತ್ತಾರೆ, ಕುಡಿಯುವ ನೀರು ಎಲ್ಲಿಂದ. ಹತ್ತು ಮನೆಗಳ ಪುಟಗಳನ್ನು ವರ್ಷಕ್ಕೊಮ್ಮೆ ಒಟ್ಟಿಗಿಟ್ಟು ನೋಡುವ ಒಬ್ಬ ವೈದ್ಯಾಧಿಕಾರಿ. ಇದನ್ನು ಸರ್ಕಾರ ಮಾಡುವವರೆಗೆ ಕಾಯಬೇಕೆಂದೂ ಇಲ್ಲ. ನಮ್ಮ ಬಳಗದವರು ಇರುವ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಹೆಚ್ಚಿನ ಕಡೆ ಮಕ್ಕಳು ಶೌಚಾಲಯ, ಆಟದ ಮೈದಾನ ಕೇಳುತ್ತಾರೆ, ಅಧ್ಯಕ್ಷರು ನೋಡೋಣ ಎನ್ನುತ್ತಾರೆ, ಲಡ್ಡು ಹಂಚಿ ಮುಗಿಸುತ್ತಾರೆ. ಅದೇ ಸಭೆಗೆ ಶಾಲೆಗೆ ಬರಲಾಗದ ಮಕ್ಕಳ ಹೆಸರುಗಳನ್ನು ಅವರ ಸಹಪಾಠಿಗಳೇ, ನೆರೆಮನೆಯ ಮಕ್ಕಳೇ ತರಬಹುದು. ಯಾರ ಮನೆಯಲ್ಲಿ ಯಾರಿದ್ದಾರೆಂದು ಮಕ್ಕಳಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ.

ಮಧ್ಯಾಹ್ನದ ಊಟದ ನಂತರ ಪಂಚಾಯಿತಿವಾರು ಕುಳಿತುಕೊಳ್ಳುವಾಗ ಒಂದು ಕೆಲಸ ಮಾಡೋಣ. ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು, ಈ ಮೂವರ ಹೆಸರು ನಿಮಗೆ ಗೊತ್ತಿದೆಯೇ ಎಂದು ಬರೆದುಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಮೂವರನ್ನೂ ಒಂದೇ ದಿನ ಒಂದೇ ಜಗಲಿಯಲ್ಲಿ ಕೂರಿಸಿ, ಮೂರು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು, ಯಾವ ಹೆಸರು ಒಂದರಲ್ಲಿದ್ದು ಇನ್ನೆರಡರಲ್ಲಿ ಇಲ್ಲವೋ ಅದಕ್ಕೆ ಗೆರೆ ಹಾಕಿ. ಮಳೆ ಹಿಡಿಯುವ ಮೊದಲು, ಸಂಕಗಳು ಮುಳುಗುವ ಮೊದಲು, ಗೆರೆ ಬಿದ್ದ ಮನೆಗಳಿಗೆ ನಾವು ಹೋಗಿಬರಬೇಕು. ನಾನು ಹೇಳಿದ ಆ ಮನೆಗೆ ಹೋಗಲು ನನ್ನೊಡನೆ ಇಬ್ಬರು ಬೇಕು. ಕುರ್ಚಿಯನ್ನು ಸಂಕ ದಾಟಿಸಲಿಕ್ಕಿದೆ.